ಹತ್ತಕ್ಕೆ ಹತ್ತು ನೆನಪು

ಶರಣರ ಕೃಪೆಯಿಂದ ನನ್ನ ಸೊಸೆ ಭಾಗ್ಯಶ್ರೀ ಡಾಕ್ಟರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆಕೆ ಸೇರಿದ ತರಬೇತಿಯಲ್ಲಿ ಮುಂಜಾನೆ ದವಾಖಾನೆಯಲ್ಲಿ ರೋಗಿಗಳನ್ನು ನೋಡಬೇಕು, ಮಧ್ಯಾಹ್ನ ಮಿದುಳಿನ ಮೇಲೆ ಸಂಶೋಧನೆ ಮಾಡಬೇಕು. ಒಂದು ಜೀವಕ್ಕೆ ಎರಡು ದುಡಿಮೆ ಹಚ್ಚುವ ವಿದ್ಯೆ ಅತ್ತೆಯಂದಿರಿಗೆ ಮಾತ್ರ ಗೊತ್ತೆಂದು ತಿಳಿದಿದ್ದೆ. ಕಾಲೇಜಿನವರೂ ಕಲಿತಿದ್ದಾರೆ!

ಒಂದು ದಿನ ಬಂದು ಹೇಳಿದಳು: "ಅತ್ತಿ, ಅರವತ್ತು ದಾಟಿದ ಹತ್ತು ಮಂದಿ ಹೆಣ್ಮಕ್ಳು ಬೇಕ್ರಿ. ಸಾಲಿ ಕಲೀದವ್ರು. ಹತ್ತು ಶಬ್ದ ಓದತೇನಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪದಾವ ಅಂತ ಕೇಳತೇನಿ. ನಮ್ಮ ಸರ್ ಖುದ್ದ ನೋಡಾಕ ಬರಾಕತ್ತಾರ. ಇದು ಕೆಟ್ರ, ಸಂಶೋಧನಾ ಬಿಟ್ಟು ಬರೀ ದವಾಖಾನಿ ನೋಡ್ಕೋ ಅಂತಾರ್ರಿ."

"ಇಷ್ಟೇ ಏನು? ನಮ್ಮ ಅಕ್ಕನ ಬಳಗದವ್ರು ಅದಾರಲ್ಲ. ನನಗ ಬಿಡು!"

ಬಿಟ್ಟಳು. ಆಕೆಯ ತಪ್ಪು ಅದೊಂದೇ.

ಅಕ್ಕನ ಬಳಗವೆಂದರೆ ಅಫಜಲಪುರದ ನಮ್ಮ ಓಣಿಯಲ್ಲಿ ಸೋಮವಾರಕ್ಕೊಮ್ಮೆ ಭಜನೆಗೆ ಕೂಡುವ ಹೆಂಗಸರು. ಭಕ್ತಿಗೆ ಕೊರತೆಯಿಲ್ಲ, ನೆನಪಿನದೇ ತೊಂದರೆ. ಭಜನೆ ಮುಗಿಸಿ ಹೋಗುವಾಗ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಲ್ಲಿರುತ್ತದೆ. ಇವರು ಮರೆತರೆ ಸೊಸೆ ನಪಾಸು!

ಆಕೆಯ ಮೇಜಿನ ಮೇಲೆ ಪಟ್ಟಿ ಕಂಡಿತು. ಕುಡಗೋಲು, ಎಮ್ಮೆ, ಚಂದ್ರ, ಬೆಲ್ಲ... ಹತ್ತೂ ಬರೆದುಕೊಂಡೆ. ಕಳ್ಳತನ ಎನ್ನಬೇಡಿ, ಮಮತೆ ಎನ್ನಿ. ಬರೀ ಬಾಯಿಪಾಠ ನಮ್ಮವರಿಗೆ ಹತ್ತುವುದಿಲ್ಲ. ಧಾಟಿ ಹಚ್ಚಿಕೊಟ್ಟರೆ ಸಾಯುವತನಕ ಬಿಡುವುದಿಲ್ಲ. ಸೋಮವಾರ ಮಂಗಳಾರತಿಯ ಧಾಟಿಗೆ ಹತ್ತು ಶಬ್ದ ಕೂಡಿಸಿ, ತಾಳ ಹಾಕಿಸಿ ಹಾಡಿಸಿದೆ.

ಪರೀಕ್ಷೆಯ ದಿನ ಬಂತು. ಸರ್ ನಮ್ಮ ಪಡಸಾಲೆಯ ಮೂಲೆಯಲ್ಲಿ ಕುಳಿತರು. ಮೊದಲ ಸರದಿ ಎಂಬತ್ತರ ಗುರುಬಾಯಿ ಆಯಿಯದು. ಸೊಸೆ "ಕುಡಗೋಲು, ಎಮ್ಮಿ..." ಎನ್ನುವಷ್ಟರಲ್ಲಿ ಆಯಿ ಮುಂದಿನ ಎಂಟನ್ನೂ ಹೇಳಿ ಮುಗಿಸಿದಳು!

"ಆಯಿ, ನಾ ಇನ್ನಾ ಓದೇ ಇಲ್ಲರಿ!"

"ನೀ ಯಾಕ ಓದ್ತಿ ಬೇ, ಸುಮ್ನ ತ್ರಾಸು!"

ಎಂದವಳೇ ಧಾಟಿ ಎತ್ತಿದಳು. ಹೊರಗೆ ಸರದಿ ಕಾಯುತ್ತಿದ್ದ ಒಂಬತ್ತು ಮಂದಿ ಚಪ್ಪಾಳೆ ತಟ್ಟಿ ದನಿಗೂಡಿಸಿದರು. ಪುಣ್ಯಕ್ಕೆ ಢೋಲಕ್ ತಂದಿರಲಿಲ್ಲ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಭಾಗ್ಯಶ್ರೀ, ಈ ಊರಾಗ ಯಾರೂ ಏನೂ ಮರಿಯಂಗಿಲ್ಲೇನು?"

ಸೊಸೆ ನನ್ನ ಕಡೆ ತಿರುಗಿದಳು. "ಅತ್ತಿ?"

"ನೀ ಪಾಸ್ ಆಗ್ಲಿ ಅಂತ..."

"ಪರೀಕ್ಷಾ ನಂದಲ್ರಿ ಅತ್ತಿ! ಆರಾಮ ಇದ್ದವ್ರು ಎಷ್ಟು ಮರೀತಾರ ಅಂತ ತಿಳೀಬೇಕಿತ್ತು. ಇಲ್ಲಂದ್ರ ನಾಳೆ ಮರವಿನ ರೋಗದವ್ರು ಬಂದ್ರ ಹೆಂಗ ಗುರ್ತಾ ಹಿಡೀಲಿ?"

ಮರೆಯುವುದೂ ಒಂದು ಸೇವೆ ಎಂದು ನನಗೆ ಯಾರು ಹೇಳಿದ್ದರು?

ಆಕೆ ಹತ್ತೂ ಹೆಂಗಸರ ಹೆಸರಿನ ಮೇಲೆ ಗೀಟು ಎಳೆದು ಹಾಳೆಯನ್ನು ಸರ್ ಕೈಗೆ ಕೊಟ್ಟಳು. ಅವರು ಒಂದೊಂದೇ ಹೆಸರು ಓದಿದರು. ನಾನು ಸೆರಗಿನೊಳಗೆ ಪಂಚಾಕ್ಷರಿ ಜಪಿಸುತ್ತಿದ್ದೆ.

"ಹೊಸಾ ಪಟ್ಟಿ ಮಾಡವ್ವಾ," ಎಂದರು ಕೊನೆಗೆ. "ಜೇವರ್ಗಿಯೊಳಗ ಇನ್ನೊಮ್ಮೆ ನೋಡೋಣು. ಅತ್ತಿಯವ್ರನ್ನ ಮಾತ್ರ ಮನ್ಯಾಗ ಬಿಟ್ಟು ಬಾ."

ಮನೆಯಲ್ಲೇ ಉಳಿದೆ. ಘತ್ತರಗಿ ಭಾಗ್ಯವಂತಿ ದೇವಿಗೆ ಕಾಯಿ ಹರಕೆ ಹೊತ್ತೆ: ತಾಯಿ, ಜೇವರ್ಗಿ ಹೆಂಗಸರು ಚೆನ್ನಾಗಿ ಮರೆಯಲಿ! ಇನ್ನೊಬ್ಬರಿಗೆ ಮರೆವು ಕೊಡೆಂದು ಕೈ ಮುಗಿದ ಭಕ್ತೆ ನಾನೊಬ್ಬಳೇ ಇರಬೇಕು. ದೇವಿ ಕೇಳಿದಳು. ಅಲ್ಲಿ ಯಾರೂ ಏಳು ದಾಟಲಿಲ್ಲವಂತೆ. ಸೊಸೆಯ ಸಂಶೋಧನೆ ಉಳಿಯಿತು.

ಆ ಸಂಜೆ ಧೈರ್ಯ ಮಾಡಿ, "ನನಗೂ ಒಮ್ಮೆ ಕೇಳವ್ವಾ, ಈ ಸಲ ಕದ್ದು ನೋಡಿಲ್ಲ," ಎಂದೆ. ಕೇಳಿದಳು. ನಾಲ್ಕು ಬಂದವು, ಆರು ಹೋದವು. ನನಗೋ ಹಿಗ್ಗು!

"ಬರಕೋ, ಬರಕೋ! ಖರೇನ ಮರತೇನಿ!"

"ಮನಿಯವ್ರದು ಲೆಕ್ಕಕ್ಕ ಹಿಡಿಯಂಗಿಲ್ರಿ ಅತ್ತಿ," ಎಂದು ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು.

ಜೀವಮಾನದಲ್ಲಿ ಒಮ್ಮೆ, ವಿಜ್ಞಾನಕ್ಕಾಗಿ, ಪ್ರಾಮಾಣಿಕವಾಗಿ ಆರು ಶಬ್ದ ಮರೆತೆ. ಆರೂ ದಂಡ!