ದೊಡ್ಡಮ್ಮ ವಕೀಲರನ್ನು ನೋಡಲು ಹೋದದ್ದು

ನಮ್ಮ ದೊಡ್ಡಮ್ಮ ಓದಿರುವುದು ನಾಲ್ಕನೇ ಕ್ಲಾಸು. ಆದರೆ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕು ಸೇರಿಸಿ ಏಳು ಮಂದಿ ವಕೀಲರನ್ನು ನಪಾಸು ಮಾಡಿದ ಹೆಂಗಸು ಆಕೆ! ಅವರೆಲ್ಲ ಕಾನೂನು ಪರೀಕ್ಷೆ ಪಾಸಾದವರೇ. ದೊಡ್ಡಮ್ಮನ ಪರೀಕ್ಷೆಯಲ್ಲಿ ಮಾತ್ರ ಕೆಲವರು ಹತ್ತು ನಿಮಿಷವೂ ನಿಲ್ಲಲಿಲ್ಲ.

ಈ ಪರೀಕ್ಷೆಗೆಲ್ಲ ಕಾರಣ ನಾನು. ಮದುವೆಯಾದ ಏಳನೇ ವರ್ಷ, ಗಂಡ ಕೈ ಮಾಡುವುದು ಮಾಮೂಲಾಗಿ ಹೋದ ಮೇಲೆ, ಐದು ವರ್ಷದ ಮಗಳನ್ನು ಕರೆದುಕೊಂಡು ಮೈಸೂರಿನಿಂದ ನಂಜನಗೂಡಿನ ಹತ್ತಿರದ ಹದಿನಾರು ಗ್ರಾಮಕ್ಕೆ, ದೊಡ್ಡಮ್ಮನ ಮನೆಗೆ ಬಂದಿದ್ದೆ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಡೈವೋರ್ಸು ಬೇಕಾದರೆ ತಗೋ, ಮಗುವನ್ನು ಮಾತ್ರ ಬಿಡುವುದಿಲ್ಲ ಎಂದು ಗಂಡ ಫೋನಿನಲ್ಲಿ ಹೇಳಿದ್ದ. ಮಗಳು ಕೈತಪ್ಪಿ ಹೋಗುತ್ತಾಳೆಂಬ ಭಯಕ್ಕೆ ನನಗೆ ಊಟ ಸೇರುತ್ತಿರಲಿಲ್ಲ. ಒಳ್ಳೆಯ ವಕೀಲರೊಬ್ಬರು ಬೇಕು ಎಂದೆ. ದೊಡ್ಡಮ್ಮ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ನೇರಳೆ ಬಣ್ಣದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದಳು. ಆ ಸೀರೆ ನಮ್ಮ ನೆಂಟರಿಗೆಲ್ಲ ಗೊತ್ತು. ಮನೆಯ ಹೆಣ್ಣುಮಕ್ಕಳಿಗೆ ಗಂಡು ನೋಡಲು ಹೋಗುವಾಗ ಮಾತ್ರ ಅವಳು ಅದನ್ನು ಉಡುವುದು!

ವಕೀಲರನ್ನು ನೋಡುವುದಕ್ಕೂ ಅವಳಿಗೆ ಗೊತ್ತಿದ್ದದ್ದು ಅದೊಂದೇ ಪದ್ಧತಿ. ಮೊದಲು ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಕೂತು ವಿಚಾರಣೆ. ಯಾವೂರವರು, ಯಾರ ಪೈಕಿ, ಕುಡಿಯುವ ಚಟವಿದೆಯೇ, ಸಿಟ್ಟು ಬಂದರೆ ಹೇಗೆ? ವಕೀಲರು ಎಷ್ಟು ಕೇಸು ಗೆದ್ದಿದ್ದಾರೆಂದು ಕೇಳು ಎಂದರೆ, ಅದನ್ನು ಅವರೇ ಹೇಳುತ್ತಾರೆ, ಹೇಳದಿರುವುದನ್ನು ತಾನೇ ನಾವು ಕೇಳಬೇಕಾದ್ದು ಎನ್ನುತ್ತಿದ್ದಳು. ಎರಡು ಲೋಟ ಟೀ ಆದ ಮೇಲೆಯೇ ಮೆಟ್ಟಿಲು ಹತ್ತುವುದು. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಕೈಚೀಲ, ಹಿಂದೆ ನಾನು.

ಮೊದಲನೆಯವರ ಕೋಣೆಯಲ್ಲಿ ಗೋಡೆಯುದ್ದಕ್ಕೂ ದಪ್ಪ ದಪ್ಪ ಕಾನೂನು ಪುಸ್ತಕಗಳಿದ್ದವು. ನಾನು ಬೆರಗಾಗಿ ನೋಡುತ್ತಿದ್ದರೆ ದೊಡ್ಡಮ್ಮ ಒಂದರ ಮೇಲೆ ಬೆರಳಾಡಿಸಿ, ಅಂಟಿದ ಧೂಳನ್ನು ನನಗೆ ತೋರಿಸಿ, ಇಳಿದು ಬಂದಳು. ಇನ್ನೊಬ್ಬರು ಮೂರೇ ತಿಂಗಳಲ್ಲಿ ಕೇಸು ಮುಗಿಸಿ ಮಗುವನ್ನು ಕೈಗೆ ಕೊಡುತ್ತೇನೆ, ಗ್ಯಾರಂಟಿ ಎಂದರು. ನನಗೆ ಜೀವ ಬಂದಂತಾಯಿತು. ಗ್ಯಾರಂಟಿ ಬೇಕಿದ್ದರೆ ಮಿಕ್ಸಿ ಕೊಳ್ಳುತ್ತೇವೆ ಎಂದು ದೊಡ್ಡಮ್ಮ ನನ್ನ ಕೈ ಹಿಡಿದು ಎಬ್ಬಿಸಿದಳು. ಮತ್ತೊಬ್ಬ ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತಾ, ಗಂಡ ಎಂದ ಮೇಲೆ ಒಂದು ಏಟು ಬೀಳುತ್ತದೆ, ಹೆಣ್ಣುಮಗಳು ಸ್ವಲ್ಪ ಹೊಂದಿಕೊಂಡು ಹೋಗಬೇಕು ಎಂದು ಬುದ್ಧಿ ಹೇಳಿದರು. ದೊಡ್ಡಮ್ಮ ಎದ್ದು ಕೈಮುಗಿದಳು.

"ತಪ್ಪಾಯ್ತು ಸಾ. ನಾವು ವಕೀಲ್ರ ಆಫೀಸು ಅಂತ ಬಂದೊ. ಇದು ಅತ್ತೆ ಮನೆ ಅಂತ ಗೊತ್ತಾಗ್ನಿಲ್ಲ."

ಆದರೆ ಈ ಪದ್ಧತಿಯ ನಿಜವಾದ ಪ್ರತಾಪ ಕಂಡದ್ದು ನರಸೀಪುರದಲ್ಲಿ. ಅಲ್ಲಿನ ವಕೀಲ ಇನ್ನೂ ಎಳೆಯ ಹುಡುಗ, ತನ್ನ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದ. ದೊಡ್ಡಮ್ಮ ಕೂತವಳೇ ಶುರುಮಾಡಿದಳು. ಸ್ವಂತ ಊರು ಬನ್ನೂರಾ? ಅಣ್ಣತಮ್ಮಂದಿರು ಎಷ್ಟು ಮಂದಿ? ಮನೆ ಸ್ವಂತದ್ದಾ? ಸಾಯಂಕಾಲ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ? ಪಾಪ, ಹುಡುಗ ಒಂದೊಂದಕ್ಕೂ ಉತ್ತರಿಸುತ್ತಾ ಕೆಂಪಗಾದ. ರೇಷ್ಮೆ ಸೀರೆ ಉಟ್ಟ ಹೆಂಗಸು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ನಾನು! ಅವನು ತಾನೆ ಏನು ತಿಳಿಯಬೇಕು? ಒಂದು ನಿಮಿಷ ಎಂದು ಒಳಗೆ ಹೋದ. ತಿರುಗಿ ಬಂದಾಗ ಜೊತೆಯಲ್ಲಿ ಅವನ ತಾಯಿ, ತಾಯಿಯ ಕೈಯಲ್ಲಿ ಕಾಫಿ, ಕೋಡುಬಳೆ. ಆಕೆ ನನ್ನನ್ನು ಕಣ್ತುಂಬ ನೋಡಿ, ಹುಡುಗಿ ಲಕ್ಷಣವಾಗಿದ್ದಾಳೆ, ಏನು ಓದಿದ್ದಾಳೆ ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದೊಡ್ಡಮ್ಮ ಮಾತ್ರ ಕೋಡುಬಳೆ ಮುರಿಯುತ್ತಾ ನಿಧಾನವಾಗಿ ಹೇಳಿದಳು.

"ಬಿ.ಎಡ್. ಮಾಡವ್ಳೆ ಕಣವ್ವ. ಮೊದ್ಲು ಇವ್ಳಿಗೆ ಡೈವೋರ್ಸ್ ಆಗ್ಲಿ, ಮಿಕ್ಕಿದ್ದು ಆಮೇಲೆ ಮಾತಾಡನ."

ಹುಡುಗನನ್ನೂ ನಪಾಸು ಮಾಡಿದಳು. ಒಳ್ಳೆಯವನೇ, ಆದರೆ ಎದುರಿನವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟುಬಿಡುತ್ತಾನೆ, ಕೋರ್ಟಿನಲ್ಲಿ ಕಷ್ಟ ಎಂದಳು. ಯೋಚಿಸಿ ನೋಡಿ, ಯಾವ ಕಾನೂನು ಕಾಲೇಜು ಇಷ್ಟು ಸರಿಯಾಗಿ ಅಳೆದೀತು?

ಎಂಟನೆಯವರು ನಂಜನಗೂಡಿನಲ್ಲಿ ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲಿದ್ದ ಒಬ್ಬ ಮಹಿಳಾ ವಕೀಲರು. ದೊಡ್ಡಮ್ಮ ಎಂದಿನಂತೆ ಯಾವೂರಾಯ್ತವ್ವ ಎಂದು ಬಾಯಿ ತೆರೆದಳಷ್ಟೆ. ಅವರು ನಗುತ್ತಲೇ, ಅಮ್ಮಾ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ, ಕೇಸು ಇವರದು, ನಾನು ಇವರೊಬ್ಬರ ಹತ್ತಿರವೇ ಮಾತಾಡಬೇಕು ಎಂದರು. ದೊಡ್ಡಮ್ಮನನ್ನು ಯಾರಾದರೂ ಹೊರಗೆ ಕಳಿಸುವುದುಂಟೇ? ಇದೂ ಹೋಯಿತು ಅಂದುಕೊಂಡೆ. ಅವಳು ಒಂದು ಗಳಿಗೆ ಅವರ ಮುಖ ನೋಡಿ, ಕೈಚೀಲ ಎತ್ತಿಕೊಂಡು ಎದ್ದುಹೋದಳು.

ವಕೀಲರು ಒಂದು ಗಂಟೆ ನನ್ನ ಮಾತು ಕೇಳಿದರು. ನಡುವೆ ಬುದ್ಧಿ ಹೇಳಲಿಲ್ಲ. ಮಗಳನ್ನು ಉಳಿಸಿಕೊಳ್ಳಲು ಶಕ್ತಿಮೀರಿ ಪ್ರಯತ್ನಿಸುತ್ತೇನೆ, ಸಮಯ ಹಿಡಿಯುತ್ತದೆ ಎಂದರು. ಮುಂದೆ ಒಂದೂವರೆ ವರ್ಷ ಕೇಸು ನಡೆದು ಮಗಳು ನನ್ನ ಬಳಿಯೇ ಉಳಿದಳು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ನನಗೆ ಕೋರ್ಟಿನ ಆ ದಿನಕ್ಕಿಂತ ಹೆಚ್ಚಾಗಿ ನೆನಪಿರುವುದು ಆ ಮಧ್ಯಾಹ್ನದ ಬೆಂಚು.

ಹೊರಗೆ ಬಂದಾಗ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಅವಳ ಮನಸ್ಸಿಗೆ ನೋವಾಯಿತೇನೋ ಎಂದು, ಬೇಡವಾದರೆ ಬೇರೆಯವರನ್ನು ನೋಡೋಣ ಬಿಡು ಎಂದೆ.

"ಇವ್ಳೇ ಆಗ್ಬೋದು ಕಣವ್ವ," ಎಂದಳು. ಸೀರೆಯ ಅಂಚನ್ನು ಬೆರಳಿನಿಂದ ಸವರಿದಳು. "ಆವತ್ತು ಇದೇ ಸೀರೆ ಉಟ್ಕಂಡು ನಿನ್ ಗಂಡನ್ನ ನೋಡಕ್ಕೋಗಿದ್ದೆ. ಒಂದು ತಟ್ಟೆ ಉಪ್ಪಿಟ್ಟು ತಿಂದು, ನಾನೇ ಆಗ್ಬೋದು ಅಂದ್ಬಿಟ್ಟೆ. ಇವ್ಳ ಥರ ನಿನ್ನೊಬ್ಬಳನ್ನೇ ಕೂರಿಸ್ಕಂಡು ಯಾರೂ ಕೇಳ್ನಿಲ್ಲ. ನಾನೂ ಕೇಳ್ನಿಲ್ಲ."

ಏಳು ಮಂದಿಯನ್ನು ಅವಳು ಯಾಕೆ ಅಷ್ಟು ಹಟದಿಂದ ಶೋಧಿಸಿದಳೆಂದು ನನಗೆ ಆಗ ತಿಳಿಯಿತು. ನಾನು ಅವಳನ್ನು ಒಂದು ದಿನವೂ ದೂರಿರಲಿಲ್ಲ. ಆದರೆ ತನ್ನನ್ನು ಅವಳು ಒಂದು ದಿನವೂ ಕ್ಷಮಿಸಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಆ ಒರಟು ಕೈ ಹಿಡಿದುಕೊಂಡೆ. ಅವಳು ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು.

"ನಂಗಾಗ್ಬೋದು ಅನ್ನೋದಿರ್ಲಿ. ನಿಂಗೆ ಒಪ್ಪಿಗೇನಾ ಮಗ?"

ಒಪ್ಪಿಗೆ ದೊಡ್ಡಮ್ಮ ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.