‘ನಿಷ್ಫಲ’ ಪದಕ್ಕೆ ಸ್ವಂತ ವಾಕ್ಯ

ಕನ್ನಡ ಮೇಷ್ಟ್ರಿಗೆ ನಗಲು ಬೇರೆ ದಾರಿ ಬೇಕಿಲ್ಲ. ಮಕ್ಕಳ ನೋಟ್‌ಬುಕ್ಕಿನ ಕಟ್ಟು ಬಿಚ್ಚಿದರೆ ಸಾಕು, ಏನಾದರೊಂದು ಸಿಕ್ಕೇ ಸಿಗುತ್ತದೆ. ಕುರುಗೋಡಿನ ಹೈಸ್ಕೂಲಿನಲ್ಲಿ ನನಗೆ ಇದು ದಿನದ ಪಾಡು. ಹೋದ ವರ್ಷ ಮಾತ್ರ ನಗು ಬರಲಿಲ್ಲ. ತಪಾಸಣೆಗೆ ಬಂದ ಸಾಹೇಬರು ನನ್ನ ಕ್ಲಾಸಿನಲ್ಲಿ ‘ನಿಷ್ಫಲ’ ಎಂದರೇನು ಎಂದು ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ‘ಮಕ್ಕಳಿಗೆ ಪದಗಳ ಅರ್ಥ ತಿಳಿದಿಲ್ಲ’ ಎಂದು ವಿಸಿಟ್ ಬುಕ್ಕಿನಲ್ಲಿ ಬರೆದು ಹೋದರು. ಹೆಡ್‌ಮಾಸ್ಟರು ಅದನ್ನು ಪ್ರತಿ ಮೀಟಿಂಗಿನಲ್ಲೂ ಓದಿಸುತ್ತಿದ್ದರು, ಅದೂ ನನ್ನ ಬಾಯಿಂದಲೇ. ಮೈಯೆಲ್ಲ ಉರಿಯುತ್ತಿತ್ತು. ಮುಂದಿನ ಸಲ ಅದೇ ಸಾಹೇಬರಿಂದ ಅದೇ ಪುಸ್ತಕದಲ್ಲಿ ಒಳ್ಳೆಯ ಮಾತು ಬರೆಸಲೇಬೇಕೆಂದು ಹಟ ತೊಟ್ಟೆ.

ಗೈಡಿನವನು

‘ಪ್ರಯತ್ನಪಟ್ಟರೂ ಫಲ ಸಿಗದಿರುವುದೇ ನಿಷ್ಫಲ’ ಎಂದು ಬೋರ್ಡಿನ ಮೇಲೆ ಬರೆದು, ಸ್ವಂತ ವಾಕ್ಯ ಮಾಡಿಕೊಂಡು ಬನ್ನಿ ಎಂದೆ. ಮಾರನೆಯ ದಿನ ಅಷ್ಟೂ ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ: ‘ಅವನ ಪ್ರಯತ್ನಗಳೆಲ್ಲ ನಿಷ್ಫಲವಾದವು.’

“ಯಾರಲೇ ಅವನು? ಏನು ಪ್ರಯತ್ನ ಮಾಡಿದ?” ಎಂದು ಮುಂದಿನ ಬೆಂಚಿನವನನ್ನು ಕೇಳಿದೆ.

“ಗೊತ್ತಿಲ್ರಿ ಸಾರ್. ಗೈಡಿನ್ಯಾಗ ಹೆಸರು ಕೊಟ್ಟಿಲ್ಲ.”

ಮನೆ ಸುದ್ದಿ

ಗೈಡು ಮುಟ್ಟಬೇಡಿ, ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಬರೆಯಿರಿ ಎಂದೆ. ತಪ್ಪಾಯಿತು. ಅಜ್ಜನ ಗೊರಕೆ ನಿಲ್ಲಿಸಲು ಅಜ್ಜಿ ಪಟ್ಟ ಪಾಡು, ಅತ್ತೆಗೆ ಸೇರುವ ಹಾಗೆ ಸಾರು ಮಾಡಲು ಅವ್ವ ಪಟ್ಟ ಪಾಡು, ಎಲ್ಲ ನನ್ನ ಟೇಬಲ್ಲಿನ ಮೇಲೆ ಬಂದು ಬಿತ್ತು. ಒಬ್ಬ ಹುಡುಗ ‘ಪ್ರತಿ ಸೋಮವಾರ ಬೀಡಿ ಬಿಡಲು ನಮ್ಮಪ್ಪ ಮಾಡುವ ಪ್ರಯತ್ನ ನಿಷ್ಫಲ’ ಎಂದು ಬರೆದಿದ್ದ. ಎರಡೇ ದಿನದಲ್ಲಿ ಅವನ ಅಪ್ಪ ನೋಟ್‌ಬುಕ್ಕು ಹಿಡಿದು ಸ್ಟಾಫ್ ರೂಮಿಗೆ ಬಂದ.

“ಏನ್ರಿ ಸಾರ್ ಇದು? ಇಂಥಾದ್ದು ಬರಸ್ತೀರೇನು?”

“ತಪ್ಪಾಯ್ತು, ಮನೆ ಮಾತು ಬರೆಸಬಾರದಿತ್ತು,” ಎಂದೆ.

“ಅದಲ್ರಿ. ಪ್ರತಿ ಸೋಮವಾರ ಅಂತ ಬರದಾನ. ನಾ ಬಿಡೋದು ಬರೇ ಅಮಾಸಿಗೆ. ಮಕ್ಕಳಿಗೆ ಸುಳ್ಳು ಬರಿಯೋದು ಕಲಿಸಬ್ಯಾಡ್ರಿ!”

ನಮ್ಮ ಮನೆಯದು

ಬಳ್ಳಾರಿಯ ಮನೆಯಲ್ಲಿ ರೊಟ್ಟಿ ಮುರಿಯುತ್ತಾ ಒಂದು ಒಳ್ಳೆಯ ಉದಾಹರಣೆಗಾಗಿ ಒದ್ದಾಡುತ್ತಿದ್ದೆ. ಹೆಂಡತಿಯ ತವರು ಸಿರುಗುಪ್ಪ.

“ಅದಕ್ಯಾಕ ಅಷ್ಟು ವಿಚಾರ ಮಾಡ್ತೀರಿ?” ಎಂದಳು. “ಕಾಲುವಿ ದಂಡಿ ಮ್ಯಾಲ ನಮ್ಮಪ್ಪ ನಿಮಗ ಒಂದು ತಿಂಗಳು ಸ್ಕೂಟರ್ ಕಲಿಸಿದ್ರಲ್ಲ, ಅದನ್ನ ಹೇಳ್ರಿ.”

ನಾನು ಇಂದಿಗೂ ಕುರುಗೋಡಿಗೆ ಬಸ್ಸಿನಲ್ಲೇ ಹೋಗುತ್ತೇನೆ.

ಸಾಹೇಬರು ಬಂದರು

ಇನ್ನು ಕಲಿಸಿ ಪ್ರಯೋಜನವಿಲ್ಲವೆಂದು, ಚುರುಕಾದ ಐದು ಮಂದಿಗೆ ಐದು ವಾಕ್ಯ ಬಾಯಿಪಾಠ ಮಾಡಿಸಿದೆ. ಉಳಿದವರಿಗೆ ಒಂದೇ ಅಪ್ಪಣೆ: ಸಾಹೇಬರು ಪ್ರಶ್ನೆ ಕೇಳಿದ ಕೂಡಲೇ ತಲೆ ಬಗ್ಗಿಸಿ ಬರೆಯುತ್ತಿರಬೇಕು. ಎಂಟು ದಿನ ತಾಲೀಮು ನಡೆಯಿತು.

ಸಾಹೇಬರು ಬಂದು ನೇರ ‘ನಿಷ್ಫಲ’ಕ್ಕೇ ಕೈ ಹಾಕಿದರು. ಐದು ತಲೆ ಎದ್ದವು, ಉಳಿದವು ಬಗ್ಗಿದವು. ನನಗೆ ಒಳಗೊಳಗೇ ಹಿಗ್ಗು. ಅವರೋ ಎದ್ದ ತಲೆಗಳನ್ನು ಬಿಟ್ಟು ಕೊನೆಯ ಬೆಂಚಿಗೆ ಹೋಗಿ, ಬರೆಯುತ್ತಿದ್ದ ಹುಡುಗಿಯ ಹತ್ತಿರ ನಿಂತರು.

“ಏನು ಬರೀತಿದೀಯಮ್ಮ?”

“ಏನಿಲ್ರಿ ಸಾರ್, ಬರದಂಗ ಮಾಡಾಕತ್ತೀನಿ.”

“ಯಾಕೆ?”

“ಉತ್ತರ ಬರೋರು ತಲಿ ಎತ್ತಬೇಕು, ಬರಲಾರದವ್ರು ಬರಿಯೋಹಂಗ ಕುಂದ್ರಬೇಕು ಅಂತ ನಮ್ಮ ಸಾರ್ ಹೇಳ್ಯಾರ್ರಿ.”

ಸಾಹೇಬರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಇರಲಿ. ನಿಷ್ಫಲ ಅಂದ್ರೆ ಏನು, ನೀನೇ ಹೇಳು ನೋಡೋಣ.”

ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. ಪಾಪ, ಅವಳಿಗೂ ಅಳು ಬಂದಿತ್ತು.

“ಸಾರ್ ಎಂಟು ದಿನ ಕಷ್ಟಪಟ್ಟು ರೂಢಿ ಮಾಡಿಸಿದ್ರು. ನಾ ಈಗ ಎಲ್ಲಾ ಹೇಳಿಬಿಟ್ಟೆ. ನಿಷ್ಫಲ ಆತ್ರಿ.”

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ವಿಸಿಟ್ ಬುಕ್ ತರಿಸಿ ಎರಡು ಸಾಲು ಬರೆದರು. ಹೆಡ್‌ಮಾಸ್ಟರು ಈಗ ಪ್ರತಿ ಮೀಟಿಂಗಿನಲ್ಲೂ ಅದನ್ನು ಓದಿಸುತ್ತಾರೆ, ನನ್ನ ಬಾಯಿಂದಲೇ: ‘ನಿಷ್ಫಲ ಪದದ ಅರ್ಥ ಮಕ್ಕಳಿಗೆ ಚೆನ್ನಾಗಿ ತಿಳಿದಿದೆ. ಉದಾಹರಣೆಯಾಗಿ ಮೇಷ್ಟ್ರು ತಾವೇ ನಿಂತಿದ್ದರು.’