ಸೆನೆಟರ್ ಸಾಹೇಬರ ಪ್ಯಾಂಟಿನ ಎರಡು ಇಂಚು

ಹೊಲಿಗೆ ಅಂಗಡಿಯವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ತಮಾಷೆಯೇ ಪ್ಯಾಂಟು ಹಾಕಿಕೊಂಡು ಬಾಗಿಲಿಗೆ ಬರುತ್ತದೆ. ದುಬೈಯ ಸತ್ವಾದ ಈ ಅಂಗಡಿಯಲ್ಲಿ ನಾನು ಮೂವತ್ತೊಂದು ವರ್ಷದಿಂದ ಇದ್ದೇನೆ. ಊರು ಉಳ್ಳಾಲ, ವಯಸ್ಸು ಅರವತ್ತನಾಲ್ಕು. "ಇನ್ನು ಸಾಕು, ಊರಿಗೆ ಹೋಗಿ ಕೂತುಕೊಳ್ಳಿ" ಎಂದು ಐದು ವರ್ಷದಿಂದ ಕಂಡವರೆಲ್ಲ ಹೇಳುತ್ತಿದ್ದಾರೆ. ಮೆಷಿನ್ ಮುಂದೆ ಇಲ್ಲಿಯೂ ಕೂತೇ ಇದ್ದೇನೆ, ಅಲ್ಲಿ ಹೋಗಿ ಕೂರುವುದರಲ್ಲಿ ಏನು ವಿಶೇಷ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಇಂಥ ಹಟದಲ್ಲಿ ನನಗಿಂತ ಗಟ್ಟಿ ಮನುಷ್ಯನನ್ನು ಒಬ್ಬರನ್ನೇ ಕಂಡಿದ್ದೇನೆ. ಅವರು ನನ್ನ ಗಿರಾಕಿ, ಅಮೆರಿಕದ ಸೆನೆಟರು.

ಇನ್ನೂ ಮುಗಿದಿಲ್ಲವೇ

ಹದಿನಾಲ್ಕು ವರ್ಷದ ಹಿಂದೆ ಅವರು ಯಾವುದೋ ನಿಯೋಗದ ಜೊತೆ ದುಬೈಗೆ ಬಂದಿಳಿದರು. ಅವರು ಇಳಿದರು, ಪೆಟ್ಟಿಗೆ ಇಳಿಯಲಿಲ್ಲ. ಸಂಜೆ ದೊಡ್ಡವರ ಜೊತೆ ಊಟ, ಮೈಮೇಲೆ ಮುದ್ದೆಯಾದ ಅಂಗಿ. ಹೋಟೆಲಿನಲ್ಲಿ ಕೆಲಸಕ್ಕಿದ್ದ ನಮ್ಮ ಮಂಗಳೂರಿನವನೊಬ್ಬ ನನಗೆ ಫೋನು ಮಾಡಿದ. ಬೆಳಿಗ್ಗೆ ಎಂಟಕ್ಕೆ ಹೋಟೆಲಿನಲ್ಲಿ ಅಳತೆ, ಸಂಜೆ ಆರಕ್ಕೆ ಸೂಟು. ಅಂಗಡಿಯ ಮೂವರೂ ಊಟಕ್ಕೆ ಏಳಲಿಲ್ಲ.

ಗಿರಾಕಿ ಯಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅಳತೆ ತೆಗೆಯುವಾಗ ಸುಮ್ಮನಿರಬಾರದೆಂದು ಏನು ಕೆಲಸ ಎಂದು ಕೇಳಿದೆ.

"ಕಾನೂನು ಮಾಡುತ್ತೇನೆ" ಎಂದರು.

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು."

ನನಗೆ ನಿಜವಾಗಿ ಆಶ್ಚರ್ಯವಾಯಿತು. "ಇಷ್ಟು ವರ್ಷವಾಯಿತು, ಇನ್ನೂ ಮುಗಿದಿಲ್ಲವೇ?" ಎಂದು ಕೇಳಿದೆ. ಜೊತೆಗಿದ್ದ ಸಹಾಯಕರ ಮುಖ ಬಿಳಿಚಿಕೊಂಡಿತು. ಸಾಹೇಬರು ಮಾತ್ರ ಹೊಟ್ಟೆ ಕುಣಿಸಿಕೊಂಡು ನಕ್ಕರು. ಅದರಿಂದ ಸೊಂಟದ ಅಳತೆ ತಪ್ಪಿ, ಮತ್ತೆ ತೆಗೆಯಬೇಕಾಯಿತು.

ಕೆಂಪು ಕಿಸೆ

ಆಮೇಲೆ ಈ ಕಡೆ ಬಂದಾಗಲೆಲ್ಲ ಸೂಟು ನನ್ನಲ್ಲೇ. ಎರಡನೇ ಸಲ ಕೋಟಿನ ಒಳಗೆ ಎರಡು ಕಿಸೆ ಬೇಕೆಂದರು. ಒಂದರಲ್ಲಿ ಮಸೂದೆಗೆ ಬೆಂಬಲದ ಭಾಷಣ, ಇನ್ನೊಂದರಲ್ಲಿ ವಿರೋಧದ ಭಾಷಣ. ಕೊನೆ ಗಳಿಗೆಯವರೆಗೆ ಯಾವುದು ಬೇಕಾಗುತ್ತದೆಂದು ಹೇಳಲು ಬರುವುದಿಲ್ಲವಂತೆ. ಅದಲುಬದಲಾಗದಿರಲಿ ಎಂದು ನಾನು ಒಂದು ಕಿಸೆಗೆ ಕೆಂಪು ಅಸ್ತರು ಹಾಕಿದೆ.

ಮುಂದಿನ ಸಲ ಬಂದಾಗ, ಕಿಸೆ ಉಪಯೋಗಕ್ಕೆ ಬಂತೇ ಎಂದು ಕೇಳಿದೆ. "ಕೆಂಪು ಯಾವುದಕ್ಕೆ ಎಂದು ಮರೆತುಹೋಯಿತು" ಎಂದರು. ಸಿಕ್ಕಿದ್ದನ್ನು ಓದಿದರಂತೆ. ಅದು ವಿರೋಧದ್ದು. ಓದಿ ಮುಗಿಸಿ ಬೆಂಬಲಕ್ಕೆ ಮತ ಹಾಕಿದರಂತೆ.

"ಯಾರೂ ಏನೂ ಹೇಳಲಿಲ್ಲವೇ?"

"ಎರಡೂ ಕಡೆಯವರು ಬಂದು ಕೈ ಕುಲುಕಿದರು."

ಬ್ಲೌಸಿನ ಅಕ್ಕ

ಒಮ್ಮೆ ಅವರೇ ಅಂಗಡಿಗೆ ಬಂದುಬಿಟ್ಟರು. ಮುಂದೆ ಕಪ್ಪು ಕನ್ನಡಕದ ಇಬ್ಬರು ಅಂಗರಕ್ಷಕರು. ನಮ್ಮ ಅಂಗಡಿಯಲ್ಲಿ ಮೂರು ಜನ ನಿಂತರೆ ನಾಲ್ಕನೆಯವನು ಬಸ್ ಸ್ಟಾಪಿನಲ್ಲಿ ಕಾಯಬೇಕು. ಆಗ ಒಳಗಿದ್ದವರು ಉಡುಪಿ ಕಡೆಯ ಒಬ್ಬ ಅಕ್ಕ. ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆ ಹಾಕಿ, ಎರಡು ಗಂಟೆ ಬಸ್ಸಿನಲ್ಲಿ ಬಂದವರು. ಅಂಗರಕ್ಷಕ ಅವರಿಗೆ ಹೊರಗೆ ಹೋಗುವಂತೆ ಕೈ ತೋರಿಸಿದ.

"ಅವ್ರು ಯಾರಾದ್ರೂ ಇರ್ಲಿ ಮಾಸ್ಟರೇ, ನಾನು ಬಂದದ್ದು ಮೊದ್ಲು. ನಾಡಿದ್ದು ಮದುವೆ ಉಂಟು. ಬ್ಲೌಸ್ ಆಗದೆ ನಾನು ಏಳುದಿಲ್ಲ" ಎಂದು ಅಕ್ಕ ಕುರ್ಚಿ ಹಿಡಿದು ಕೂತರು.

ನನಗೂ ಅದೇ ನ್ಯಾಯ ಎನಿಸಿತು. ಸಾಹೇಬರಿಗೆ ಪ್ಲಾಸ್ಟಿಕ್ ಸ್ಟೂಲು ಕೊಟ್ಟೆ. ಅವರು ತಕರಾರಿಲ್ಲದೆ ಕೂತರು. ನನ್ನ ಕತ್ತರಿ ನೋಡಿ ಅಂಗರಕ್ಷಕ ಅದನ್ನು ಕೆಳಗಿಡಲು ಹೇಳಿದ. "ಸರಿ, ಹಾಗಾದರೆ ನೀನೇ ಕತ್ತರಿಸು" ಎಂದು ಅವನ ಕೈಗೇ ಕೊಟ್ಟೆ. ಅವನು ಬ್ಲೌಸ್ ಪೀಸು ನೋಡಿದ, ಅಕ್ಕನ ಮುಖ ನೋಡಿದ, ಕತ್ತರಿ ವಾಪಸು ಕೊಟ್ಟ.

ಅಷ್ಟರಲ್ಲಿ ಅಕ್ಕ ಎರಡು ಬಾರ್ಡರ್ ಎತ್ತಿ ಹಿಡಿದು, ತೋಳಿಗೆ ಯಾವುದು ಚೆಂದ ಎಂದು ಸಾಹೇಬರನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಸಾಹೇಬರು ಎದ್ದು ನಿಂತರು. ಹಸಿರಿಗೆ ಅದರದೇ ಘನತೆ ಇದೆ, ಚಿನ್ನದ ಬಣ್ಣವನ್ನು ಕಡೆಗಣಿಸುವಂತಿಲ್ಲ, ಎಲ್ಲರ ಅಭಿಪ್ರಾಯ ಕೇಳಿ ಮುಂದುವರಿಯುವುದು ಒಳ್ಳೆಯದು ಎಂದು ಮೂರು ನಿಮಿಷ ಮಾತಾಡಿ ಕೂತರು.

ಅಕ್ಕ ನನ್ನ ಕಡೆ ಬಗ್ಗಿ ಕೇಳಿದರು: "ಇವ್ರು ಎಲೆಕ್ಷನಿಗೆ ನಿಲ್ಲುವವ್ರಾ?"

ಅಳತೆ ಪುಸ್ತಕ

ಅವರ ರಾಜಕೀಯ ನನಗೆ ಪೇಪರು ಓದಿ ತಿಳಿಯಬೇಕಾಗಿರಲಿಲ್ಲ, ಅಳತೆ ಪುಸ್ತಕವೇ ಹೇಳುತ್ತಿತ್ತು. ಪಕ್ಷ ಅಧಿಕಾರದಲ್ಲಿದ್ದಾಗ ಸೊಂಟ ನಲವತ್ತೊಂದು. ಪಕ್ಷ ಸೋತು ವಿರೋಧದಲ್ಲಿ ಕೂತಾಗ ಮೂವತ್ತೊಂಬತ್ತು. ಹಾಗಾಗಿ ನಾನು ಅವರ ಪ್ಯಾಂಟಿನ ಹಿಂದೆ ಹೊಲಿಗೆಯ ಒಳಗೆ ಎರಡು ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದೆ. ಮುಂದೆ ದಪ್ಪವಾದರೆ ಬಿಚ್ಚಿ ಸಡಿಲಿಸಬಹುದು. ಯಾರ ಪ್ಯಾಂಟಿಗಾದರೂ ನಾನು ಬಿಡುತ್ತೇನೆ. ಮನುಷ್ಯ ಇದೇ ಅಳತೆಯಲ್ಲಿ ಮುಗಿದುಹೋಗುತ್ತಾನೆ ಎಂದು ತೀರ್ಮಾನಿಸಲು ನಾನು ಯಾರು?

ಫೋನಿನ ಅಳತೆ

ಕಳೆದ ವರ್ಷ ನನ್ನ ವಿಷಯದಲ್ಲೇ ತೀರ್ಮಾನವಾಯಿತು. ಅಂಗಡಿಯ ಮಾಲೀಕರು ಭಟ್ಕಳದ ಸೇಟರು. ಒಳ್ಳೆಯ ಮನುಷ್ಯ, ಆದರೆ ಹೊಸದರ ಹುಚ್ಚು.

"ಮಾಸ್ಟರ್, ನಿಮ್ಮ ವೀಸಾ ಈ ಸಲ ಖಲಾಸ್. ಇನ್ನು ರಿನ್ಯೂ ಇಲ್ಲ. ಈಗ ಫೋನಿನಲ್ಲಿ ಫೋಟೋ ತೆಗೆದ್ರೆ ಅಳತೆ ತನ್ನಷ್ಟಕ್ಕೇ ಬರ್ತದೆ" ಎಂದರು.

ಇದು ಬರೀ ಸಂಬಳದ ಮಾತಲ್ಲ. ಈ ಕುರ್ಚಿ ಬಿಟ್ಟರೆ ನಾನು ಯಾರೆಂದು ನನಗೇ ಗೊತ್ತಿಲ್ಲ. ಊರಿನಿಂದ ಮಗಳು ಫೋನು ಮಾಡಿ, "ಉಪ್ಪಾ, ಒಳ್ಳೆದೇ ಆಯ್ತು, ಬನ್ನಿ" ಎಂದದ್ದು ಇನ್ನಷ್ಟು ಕೋಪ ತರಿಸಿತು.

"ಫೋಟೋ ತೆಗೆಯುವಾಗ ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಳ್ತಾರೆ ಸೇಟ್ರೇ" ಎಂದೆ.

ಸೇಟರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಎಷ್ಟು ವರ್ಷ

ನನ್ನ ವೀಸಾ ಮುಗಿಯಲು ಎರಡು ತಿಂಗಳಿರುವಾಗ ಸೆನೆಟರ್ ಸಾಹೇಬರು ಬಂದರು. ಎಂಬತ್ತೊಂದು ವರ್ಷ, ಕೈಯಲ್ಲಿ ಕೋಲು, ಸೊಂಟ ಮೂವತ್ತಾರು. ಏಳನೇ ಸಲ ಚುನಾವಣೆಗೆ ನಿಂತಿದ್ದರು. ಅವರ ಪಕ್ಷದವರೇ ಸಾಕು ಎನ್ನುತ್ತಿದ್ದರಂತೆ.

ಹೊಸ ಸಹಾಯಕನೊಬ್ಬ ನನ್ನನ್ನೂ ಸೇಟರನ್ನೂ ಬದಿಗೆ ಕರೆದು ಪಿಸುಗುಟ್ಟಿದ: "ಹೆಚ್ಚಿಗೆ ಬಟ್ಟೆ ಬಿಡಬೇಡಿ. ಇದು ಕೊನೆಯ ಸೂಟು. ಈ ಸಲ ಸೋಲುವುದು ಖಂಡಿತ."

ನನಗೆ ರೇಗಿತು. "ನನ್ನ ಕೈಯಿಂದ ಬಟ್ಟೆ ಬಿಡದ ಪ್ಯಾಂಟು ಹೊರಗೆ ಹೋಗುವುದಿಲ್ಲ. ಬೇಕಾದರೆ ಬೇರೆ ಅಂಗಡಿ ನೋಡಿ" ಎಂದು ಗಟ್ಟಿಯಾಗಿಯೇ ಹೇಳಿದೆ.

ಸಾಹೇಬರಿಗೆ ಕೇಳಿಸಿತು. ಏನೆಂದು ವಿಚಾರಿಸಿದರು. ಮುಂದಿನ ಸಲಕ್ಕೆ ಬಟ್ಟೆ ಬಿಡುವ ವಿಷಯ ಎಂದೆ. ಅವರು ನನ್ನ ವಯಸ್ಸು ಕೇಳಿದರು, ಹೇಳಿದೆ.

"ಅರವತ್ತನಾಲ್ಕೇ? ನಮ್ಮ ಸೆನೆಟಿನಲ್ಲಾದರೆ ನಿಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಕಲಿತುಕೋ ಎನ್ನುತ್ತಿದ್ದರು."

"ಇಲ್ಲಿ ಮನೆಗೆ ಹೋಗು ಎನ್ನುತ್ತಿದ್ದಾರೆ" ಎಂದೆ.

ಸಾಹೇಬರು ಸೇಟರ ಕಡೆ ತಿರುಗಿ ಕೇಳಿದರು: "ಹಾಗಾದರೆ ನನ್ನ ಮುಂದಿನ ಸೂಟು ಹೊಲಿಯುವವರು ಯಾರು?"

ಸೇಟರಿಗೆ ಸಹಾಯಕನ ಪಿಸುಮಾತು ನೆನಪಿತ್ತು. ಹಲ್ಲು ಕಿರಿದು, ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಸರ್, ನೀವು ಸೆನೆಟಿನಲ್ಲಿ ಇರುವವರೆಗೆ ಮಾಸ್ಟರ್ ಈ ಕುರ್ಚಿಯಲ್ಲಿ ಇರ್ತಾರೆ. ನನ್ನ ಮಾತು."

ಸಾಹೇಬರು ಸೇಟರ ಕೈ ಹಿಡಿದು ಕುಲುಕಿದರು. ಫೋಟೋ ತೆಗೆಸಿದರು. ಸೇಟರೇ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ಬಂದವರಿಗೆಲ್ಲ ಆ ದಿನದ ಮಾತನ್ನು ಹೇಳಿದರು.

ಫಲಿತಾಂಶದ ದಿನ ಎಷ್ಟು ಸಲ ಪ್ರಯತ್ನಿಸಿದರೂ ನನಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಸೇಟರು ಬೆಳಿಗ್ಗೆಯೇ ಬಂದು, ಮೊಬೈಲು ಹಿಡಿದು ನನ್ನೆದುರೇ ಕೂತಿದ್ದರು. ಹನ್ನೊಂದರ ಹೊತ್ತಿಗೆ ಮೊಬೈಲು ಕೆಳಗಿಟ್ಟರು. ಗೋಡೆಯ ಫೋಟೋ ನೋಡಿದರು. ಆಮೇಲೆ ನನ್ನನ್ನು.

"ಮಾಸ್ಟರ್, ಅವರಲ್ಲಿ ಒಮ್ಮೆ ಗೆದ್ದರೆ ಎಷ್ಟು ವರ್ಷ?"

"ಆರು ವರ್ಷ ಸೇಟ್ರೇ."

ಸೇಟರು ಬೆರಳು ಮಡಚಿ ಎಣಿಸಿದರು. "ಅದಾದ ಮೇಲಾದ್ರೂ ಮುಗೀತದಾ?" ಎಂದು ಕೇಳಿದರು.

"ಹೇಗೆ ಹೇಳುವುದು?" ಎಂದು ನಾನು ಸೂಜಿಗೆ ದಾರ ಪೋಣಿಸಿದೆ. "ಪ್ಯಾಂಟಿನಲ್ಲಿ ಇನ್ನೂ ಎರಡು ಇಂಚು ಉಂಟು."